ಚಂದ್ರೆಯ ಪ್ರಾಪ್ತವಯಸ್ಸು: ‘ಗೆಜ್ಜೆಪೂಜೆ’ಯ ತಾಯಿ-ಮಗಳನ್ನು ಕುರಿತು

ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಅವರು ನಿರ್ದೇಶಿಸಿದ ‘ಗೆಜ್ಜೆಪೂಜೆ’ಯು 1969ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ ಉತ್ತಮ ಚಿತ್ರವೆಂಬ ಮನ್ನಣೆ ಪಡೆಯಿತು, ಚಿತ್ರಕಥೆಗಾಗಿ ನಿರ್ದೇಶಕರಿಗೂ ಪ್ರಶಸ್ತಿ ಸಂದಿತು. ಅದರ ಕಲೆಯ ವಿಚಾರವಾಗಿ ಬಲ್ಲವರು ಬರೆದಿದ್ದಾರೆ. ಇತಿಹಾಸದ ಅಧ್ಯಾಪಕರಾದ ನಾವು ಎತ್ತಿಕೊಂಡಿರುವುದು ತರಗತಿಯಲ್ಲಿ ಎದ್ದ ಒಂದು ಪ್ರಶ್ನೆಯನ್ನು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ದಿನವೂ ಬಸ್ಸು ಹಿಡಿದು ಚಿತ್ರದುರ್ಗಕ್ಕೆ ಓದಲು ಬರುವ ಹೆಣ್ಣುಮಕ್ಕಳಲ್ಲಿ ಒಬ್ಬಾಕೆ ಕೇಳಿದಳು: ತಾಯಿಗೆ ಮಗಳ ಮೇಲೆ ಅಷ್ಟು ಪ್ರೀತಿಯಿದ್ದ ಪಕ್ಷದಲ್ಲಿ, ಅವಳ ಕೈ ಹಿಡಿದು ಆ ಮನೆಯಿಂದ ಹೊರಟುಬಿಡಬಾರದಾಗಿತ್ತೆ?

ಕಥೆ ಎಲ್ಲರಿಗೂ ತಿಳಿದದ್ದೇ. ನಂಬಿದವನಿಂದ ವಂಚಿತಳಾದ ಅಪರ್ಣೆಗೆ ವೇಶ್ಯಾಗೃಹವೊಂದು ಆಶ್ರಯವಾಗುತ್ತದೆ. ಅಲ್ಲಿ ಬೆಳೆದ ಮಗಳು ಚಂದ್ರಾ ಓದುತ್ತಾಳೆ, ನೆರೆಮನೆಯ ಸೋಮುವನ್ನು ಪ್ರೀತಿಸುತ್ತಾಳೆ. ಅವಳ ತಂದೆಯೊಡನೆ ಆದ ಭೇಟಿಯನ್ನು ಅಪಾರ್ಥ ಮಾಡಿಕೊಂಡ ಸೋಮು ದೂರ ಸರಿದ ಮೇಲೆ ಅವಳು ಗೆಜ್ಜೆಪೂಜೆಗೆ ಒಪ್ಪಿ, ಅದೇ ದಿನ ಪ್ರಾಣ ಬಿಡುತ್ತಾಳೆ. ಲೀಲಾವತಿಯವರ ಅಪರ್ಣೆ, ಕಲ್ಪನಾ ಅವರ ಚಂದ್ರಾ: ಈ ಎರಡು ಮುಖಗಳು ನೋಡಿದವರ ಮನಸ್ಸಿನಿಂದ ಬೇಗ ಅಳಿಯತಕ್ಕವಲ್ಲ.

ಸೋಮುವಿನ ಅಪಾರ್ಥವೇ ದುರಂತಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ನಮಗೆ ಅದು ಸಮ್ಮತವಲ್ಲ. ಅಪಾರ್ಥವು ಒಂದು ನೆಪ ಮಾತ್ರ. ಅಪರ್ಣೆಯು ಮಗಳಿಗೆ ಬಯಸಿದ್ದು ತನಗೆ ದೊರೆಯದೆ ಹೋದ ತಾಳಿಯನ್ನು. ಆ ಬಯಕೆಯಲ್ಲಿ ಕಲ್ಮಷವಿಲ್ಲ. ಆದರೆ ತಾಯಿಯ ಕಳೆದುಹೋದ ಯೌವನಕ್ಕೆ ಉತ್ತರ ಕೊಡಬೇಕಾದ ಹೊರೆಯು ಮಗಳ ಯೌವನದ ಮೇಲೆ ಬೀಳುತ್ತದೆ. ಮನೆಯ ಹಿರಿಯಳಿಗೆ ಗೆಜ್ಜೆ ಬೇಕು, ತಾಯಿಗೆ ತಾಳಿ ಬೇಕು. ಎರಡರಲ್ಲಿ ಒಂದನ್ನು ಕಟ್ಟುವವರೆಗೆ ಚಂದ್ರೆಯು ಹುಡುಗಿಯೂ ಅಲ್ಲ, ಹೆಂಗಸೂ ಅಲ್ಲ. ಅವಳ ವಿದ್ಯೆಯಾದರೋ ಅವಳನ್ನು ಪ್ರಾಪ್ತವಯಸ್ಕಳನ್ನಾಗಿ ಮಾಡಲಾರದು. ಸಂಬಳ ತಂದು ತಾಯಿಯೊಡನೆ ಬೇರೆ ಮನೆ ಹೂಡುವ ದಾರಿಯು ಕಥೆಯ ತಿರುವಾಗಿ ಬೆಳೆಯುವುದೇ ಇಲ್ಲ. ನಮ್ಮ ವಿದ್ಯಾರ್ಥಿನಿಯು ಬೆರಳಿಟ್ಟದ್ದು ಈ ಸ್ಥಳದಲ್ಲಿಯೇ.

ಇಲ್ಲಿ ನಮ್ಮ ಸೀಮೆಯ ಪಕ್ಕದಲ್ಲಿಯೇ ಇದ್ದ ಬಸವಿಯ ಪದ್ಧತಿಯನ್ನು ನೆನೆಯುವುದು ಉಚಿತ. 19ನೆಯ ಶತಮಾನದ ಕೊನೆಯ ದಶಕದಲ್ಲಿ ಫಾಸೆಟ್ ಎಂಬ ಪೋಲೀಸ್ ಅಧಿಕಾರಿಯು ಬಳ್ಳಾರಿ ಜಿಲ್ಲೆಯ ಬಸವಿಯರನ್ನು ಕುರಿತು ಬರೆದನು. ದೇವರಿಗೆ ಬಿಟ್ಟ ಮಗಳು ತವರಿನಲ್ಲಿಯೇ ಉಳಿದು ಮಗನಂತೆ ಆಸ್ತಿಯ ಹಕ್ಕು ಪಡೆಯುತ್ತಿದ್ದಳು. ಅವಳ ಮಕ್ಕಳು ಅವಳ ತಂದೆಯ ಕುಲಕ್ಕೇ ಸೇರುತ್ತಿದ್ದರು. ಇದು ಹೊಗಳಿಕೆಯ ಮಾತಲ್ಲ. ಮಗನ ಹಕ್ಕಿಗೆ ತೆತ್ತ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಒಂದು ವ್ಯತ್ಯಾಸ ಉಂಟು: ಬಸವಿಯ ಮಗುವಿಗೆ ಕುಲವೊಂದಿತ್ತು, ಚಂದ್ರೆಗೆ ತಂದೆಯ ಹೆಸರೂ ಇಲ್ಲ. ನೆರೆಮನೆಯ ಜಗುಲಿಯಿಂದ ನೋಡುವ ಕಥೆಗೆ ಇಂಥ ಪದ್ಧತಿಗಳ ಒಳಗಿನ ಲೆಕ್ಕಾಚಾರ ಕಾಣುವುದಿಲ್ಲ, ಕಾಣುವುದು ಕಳಂಕವೊಂದೇ.

ಕಾನೂನಿನ ನೋಟವೂ ಬಹಳ ಭಿನ್ನವಲ್ಲ. ಮೈಸೂರು ಸರ್ಕಾರವು 1909ರಲ್ಲಿ ಮುಜರಾಯಿ ದೇವಾಲಯಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಸಮರ್ಪಣೆಯನ್ನೇ ಅಪರಾಧವೆಂದು ಸಾರಿದ ಕರ್ನಾಟಕದ 1982ರ ಕಾಯಿದೆಯು ತಂದೆತಾಯಿಗಳಿಗೂ ಪಾಲಕರಿಗೂ ಉಳಿದವರಿಗಿಂತ ಹೆಚ್ಚಿನ ಶಿಕ್ಷೆಯನ್ನು ವಿಧಿಸಿತು. ನ್ಯಾಯವೇ ಸರಿ. ಆದರೆ ತಂದೆಯು ಕಣ್ಮರೆಯಾದ ಮನೆಯಲ್ಲಿ ಕಟಕಟೆಯನ್ನು ಹತ್ತುವವಳು ತಾಯಿಯೊಬ್ಬಳೇ ಅಲ್ಲವೆ? ಆಶ್ರಯ ಕೊಟ್ಟವರ ಅನ್ನವನ್ನುಂಡ ಅಪರ್ಣೆಗೆ ಕೈಹಿಡಿದು ಹೊರಡಲು ಬೇಕಾಗಿದ್ದುದು ಧೈರ್ಯಕ್ಕಿಂತ ಮೊದಲು ಒಂದು ತಿಂಗಳ ಬಾಡಿಗೆ ಎಂದು ನಾವು ತರಗತಿಯಲ್ಲಿ ಹೇಳಿದೆವು.

ತಾಳಿಯು ಗೆಜ್ಜೆಗೆ ಪರಿಹಾರವೆಂಬ ನಂಬಿಕೆಯನ್ನು ಇದೇ ನಿರ್ದೇಶಕರು ಮೂರು ವರ್ಷಗಳೊಳಗೆ, ನಮ್ಮ ದುರ್ಗದ ಕಲ್ಲುಗಳ ನಡುವೆಯೇ, ಮುರಿದರು. ತ. ರಾ. ಸು. ಅವರ ಕಾದಂಬರಿಗಳಿಂದ 1972ರಲ್ಲಿ ಮೂಡಿದ ‘ನಾಗರಹಾವು’ ಚಿತ್ರದ ಅಲಮೇಲುವಿಗೆ ತಾಯಿ, ತಂದೆ, ಕುಲ, ಮನೆ ಎಲ್ಲವೂ ಇದ್ದವು. ಚಾಮಯ್ಯ ಮೇಷ್ಟರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಹಿಂದೆ ಸರಿದನು. ಹಿರಿಯರು ಒಪ್ಪಿದ ವರನೊಡನೆ ವಿಧಿವತ್ತಾಗಿ ಮದುವೆಯೂ ಆಯಿತು. ಆ ಬಳಿಕ ರಾಮಾಚಾರಿ ಅವಳನ್ನು ಮತ್ತೆ ಕಂಡದ್ದು ವೇಶ್ಯೆಯಾಗಿ. ಅಪರ್ಣೆಯು ಮಗಳಿಗಾಗಿ ಹಂಬಲಿಸಿದ ತಾಳಿಯೇ ಅಲಮೇಲುವನ್ನು ಆ ಬಾಗಿಲಿಗೆ ತಂದು ನಿಲ್ಲಿಸಿತ್ತು.