ಕೂಲಿ ಸಿಗದ ಕೂಲಿಗಳು

ಬೆಟ್ಟಿ ಜೆಫ್ರಿಯವರ ‘ವೈಟ್ ಕೂಲೀಸ್’ ಓದಲು ಕೂತಾಗ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಅದರ ಹೆಸರು. ಕನ್ನಡದಲ್ಲಿ ಕೂಲಿ ಎಂದರೆ ದುಡಿಯುವವರೂ ಹೌದು, ದುಡಿಮೆಗೆ ಸಲ್ಲಬೇಕಾದ ಹಣವೂ ಹೌದು. ಇಂಗ್ಲಿಷಿನ ಪದಕ್ಕೂ ತಮಿಳಿನ ಕೂಲಿಯೇ ಮೂಲ ಎಂಬ ವಾದವಿದೆ. ಆದರೆ ಆ ಭಾಷೆಯಲ್ಲಿ ಹಣ ಉದುರಿಹೋಗಿ, ಹೊರೆ ಹೊರುವ ಏಷ್ಯಾದ ಆಳು ಮಾತ್ರ ಉಳಿದ. ಹಾಗಾಗಿಯೇ ಅದರ ಹಿಂದೆ ‘ಬಿಳಿಯ’ ಎಂಬ ವಿಶೇಷಣ ಬೇಕಾಯಿತು.

ಜೆಫ್ರಿ ಆಸ್ಟ್ರೇಲಿಯಾ ಸೇನೆಯ ದಾದಿ. 1942ರ ಫೆಬ್ರವರಿ 12ರಂದು, ಸಿಂಗಪುರ ಜಪಾನೀಯರ ಕೈಸೇರುವ ಮೂರು ದಿನ ಮೊದಲು, 65 ದಾದಿಯರು ‘ವೈನರ್ ಬ್ರೂಕ್’ ಹಡಗಿನಲ್ಲಿ ಹೊರಟರು. ಎರಡೇ ದಿನಕ್ಕೆ ಸುಮಾತ್ರಾ ಪಕ್ಕದ ಬಾಂಕಾ ದ್ವೀಪದ ಬಳಿ ಬಾಂಬು ಬಿದ್ದು ಹಡಗು ಮುಳುಗಿತು. 12 ಮಂದಿ ಕಡಲಿನ ಪಾಲಾದರು. ದಡ ಸೇರಿದವರಲ್ಲಿ 21 ಮಂದಿಯನ್ನು ಜಪಾನಿ ಸೈನಿಕರು ರಾಡ್ಜಿ ತೀರದಲ್ಲಿ ಗುಂಡಿಟ್ಟು ಕೊಂದರು. ಅಲ್ಲಿ ಬದುಕುಳಿದ ಒಬ್ಬಳೇ ದಾದಿ ವಿವಿಯನ್ ಬುಲ್ವಿಂಕಲ್. ಅವರೂ ಸೇರಿ ಸೆರೆಯಾದವರು 32. ಮೂರೂವರೆ ವರ್ಷದ ನಂತರ ಊರಿಗೆ ಮರಳಿದವರು 24. ಇವರು ಸೇನೆಯವರಾದರೂ ಯುದ್ಧಕೈದಿಗಳ ಸ್ಥಾನ ಸಿಗಲಿಲ್ಲ. ನಾಗರಿಕ ಹೆಂಗಸರು, ಮಕ್ಕಳ ಜೊತೆಗೇ ಕೂಡಿಹಾಕಿದರು. ಜೆಫ್ರಿ ಕದ್ದುಮುಚ್ಚಿ ಬರೆದಿಟ್ಟ ದಿನಚರಿ 1954ರಲ್ಲಿ ಈ ಪುಸ್ತಕವಾಯಿತು.

ಈ ಸೆರೆಯ ಕತೆಯನ್ನು ಜಗತ್ತು ಹೆಚ್ಚಾಗಿ ಬಲ್ಲದ್ದು 1997ರ ‘ಪ್ಯಾರಡೈಸ್ ರೋಡ್’ ಸಿನಿಮಾದಿಂದ. ಬ್ರೂಸ್ ಬೆರೆಸ್‌ಫರ್ಡ್ ಅದರ ನಡುವೆ ಇಟ್ಟದ್ದು ಶಿಬಿರದ ಗಾಯನಮೇಳವನ್ನು. ಆ ಮೇಳ ನಿಜವೇ. ಪಾಲೆಂಬಾಂಗ್ ಶಿಬಿರದಲ್ಲಿ ಮಾರ್ಗರೆಟ್ ಡ್ರೈಬರ್ಗ್ ಮತ್ತು ನೋರಾ ಚೇಂಬರ್ಸ್ ವಾದ್ಯಸಂಗೀತವನ್ನೇ ಹೆಂಗಸರ ಕಂಠಕ್ಕೆ ಒಗ್ಗಿಸಿದ್ದರು. ಆದರೆ ಹಾಡು ನೋಡುಗರಿಗೆ ಬೇಗ ಸಮಾಧಾನ ಕೊಟ್ಟುಬಿಡುತ್ತದೆ. ಪುಸ್ತಕ ಕೊಡುವುದಿಲ್ಲ. ಅಲ್ಲಿರುವುದು ನೀರು ಹೊರುವುದು, ಸೌದೆ ಒಡೆಯುವುದು, ಗುಂಡಿ ತೋಡುವುದು, ಗೆಳತಿಯರನ್ನು ಹೂಳುವುದು. ಮರುದಿನ ಮತ್ತೆ ಅದೇ. ಜೆಫ್ರಿ ಗೋಳಾಡುವುದಿಲ್ಲ, ತಮಾಷೆ ಮಾಡುತ್ತಾರೆ. ಆ ತಮಾಷೆಯೇ ಹೊರೆಯ ತೂಕವನ್ನು ನಮ್ಮ ಭುಜಕ್ಕೆ ದಾಟಿಸುತ್ತದೆ.

ಇಷ್ಟಾದರೂ ಶೀರ್ಷಿಕೆ ನನ್ನನ್ನು ಚುಚ್ಚುವುದು ಬಿಡಲಿಲ್ಲ. ಅವಮಾನ ಇರುವುದು ಕೂಲಿಯಾಗುವುದರಲ್ಲೋ, ಬಿಳಿಯರು ಕೂಲಿಯಾಗುವುದರಲ್ಲೋ? ಅವರ ಕೊನೆಯ ಶಿಬಿರ ಸುಮಾತ್ರಾದ ಬೆಲಲೌ ಎಂಬಲ್ಲಿ, ಒಂದು ರಬ್ಬರ್ ತೋಟದಲ್ಲಿತ್ತು. ಮಲಯ, ಸುಮಾತ್ರಾದ ರಬ್ಬರ್ ತೋಟಗಳು ಎದ್ದದ್ದು ತಮಿಳು, ಜಾವಾ, ಚೀನೀ ಕೂಲಿಗಳ ಬೆವರಿನಿಂದ. ಅದೇ ಯುದ್ಧದಲ್ಲಿ ಮಲಯದ ತಮಿಳು ತೋಟಗಾರ್ಮಿಕರನ್ನು ಜಪಾನೀಯರು ಬರ್ಮಾ–ಸಿಯಾಂ ರೈಲುದಾರಿಯ ಕೆಲಸಕ್ಕೆ ಒಯ್ದರು. ಸಾವಿರಾರು ಜನ ಅಲ್ಲೇ ಸತ್ತರು. ಈ ಶೀರ್ಷಿಕೆಯಲ್ಲಿ ಅಂಥವರಿಗೆ ಜಾಗವಿರುವುದು ಬರೀ ಹೋಲಿಕೆಯಾಗಿ.

ಹಾಗೆಂದು ಪುಸ್ತಕವನ್ನು ಬದಿಗಿಡಲಾರೆ. ಶೀರ್ಷಿಕೆಯ ಸಣ್ಣತನವನ್ನು ಒಳಗಿನ ಪುಟಗಳು ಮೀರುತ್ತವೆ. ಬೊಬ್ಬೆಯೆದ್ದ ಅಂಗೈಯನ್ನು ಅಷ್ಟು ನಿಷ್ಠೆಯಿಂದ ಬರೆದಮೇಲೆ ಆ ಅಂಗೈಗೆ ಬಣ್ಣ ಉಳಿಯುವುದಿಲ್ಲ. ಬುಲ್ವಿಂಕಲ್ 1946ರಲ್ಲಿ ಟೋಕಿಯೊ ನ್ಯಾಯಮಂಡಳಿಯ ಎದುರು ಸಾಕ್ಷಿ ನುಡಿದರು. ತೀರದ ಆ ಕೊಲೆಗಳಿಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ರೈಲುದಾರಿಯಲ್ಲಿ ಸತ್ತವರ ಹೆಸರುಗಳನ್ನೂ ಯಾರೂ ಪೂರ್ತಿಯಾಗಿ ಬರೆದಿಡಲಿಲ್ಲ. ಕೂಲಿ ಎಂಬುದಕ್ಕೆ ನಮ್ಮ ಭಾಷೆಯ ಎರಡನೆಯ ಅರ್ಥವನ್ನು ಮರಳಿಸಿ ಓದಿದರೆ, ಇಬ್ಬರದ್ದೂ ಒಂದೇ ಲೆಕ್ಕ: ದುಡಿದದ್ದಾಯಿತು, ಸಲ್ಲಬೇಕಾದದ್ದು ಇನ್ನೂ ಬಾಕಿ.