ಬೆದರಿಸುವ ಉಡುಪು, ಮರೆಮಾಡುವ ಉಡುಪು

ಮನುಷ್ಯದೇಹದ ಸುತ್ತ ಕಣ್ಣಿಗೆ ಕಾಣದ ಪ್ರಾಕಾರವೊಂದುಂಟು. ಅಮೆರಿಕದ ಎಡ್ವರ್ಡ್ ಹಾಲ್ ಪಂಡಿತನು 1966ರ ತನ್ನ ಗ್ರಂಥದಲ್ಲಿ ಅದನ್ನು ಅಳೆದು, ಆ ದೇಶದವರಲ್ಲಿ ಒಂದೂವರೆ ಅಡಿಯೊಳಗಿನ ಎಡೆಯು ಆಪ್ತರಿಗೆ ಮಾತ್ರವೆಂದನು. ಈ ಪ್ರಾಕಾರವನ್ನೇ ವಸ್ತ್ರವಾಗಿ ಹೊಲಿಯಹೊರಟ ಇಬ್ಬರು ಸ್ತ್ರೀಯರ ಕೃತಿಗಳು ವಿಮರ್ಶಾರ್ಹವಾಗಿವೆ.

ಡಚ್ ದೇಶದ ಅನೂಕ್ ವಿಪ್ರೆಕ್ಟರ ‘ಜೇಡದ ಉಡುಪು’ 2015ರಲ್ಲಿ ಲಾಸ್ ವೇಗಾಸಿನಲ್ಲಿ ಪ್ರದರ್ಶಿತವಾಯಿತು. ಅದರ ಹೆಗಲ ಮೇಲೆ ಯಂತ್ರದ ಕಾಲುಗಳಿವೆ. ಅನ್ಯರು ಸಮೀಪಿಸಿದೊಡನೆ, ತೊಟ್ಟವಳ ಉಸಿರಿನ ಗತಿಯನ್ನೂ ಅರಿತು, ಅವು ಚಾಚಿಕೊಳ್ಳುವುವು. ಕೌಶಲವು ಅಸಾಧಾರಣವೇ ಸರಿ. ರಸ ಮಾತ್ರ ಭಯಾನಕ. ಮೈಗೆ ದೂರವೇನೋ ದೊರೆಯಿತು, ನೋಟವು ತಪ್ಪಲಿಲ್ಲ. ಏಕಾಂತವನ್ನು ಬಯಸಿದವಳ ಸುತ್ತ ಜಾತ್ರೆ ಕೂಡಿಸಿದಂತಾಯಿತು.

ಲೂಸಿ ಓರ್ಟಾ ಅವರು 1992ರಲ್ಲಿ ಪ್ಯಾರಿಸಿನಲ್ಲಿ ತೊಡಗಿದ ‘ಆಶ್ರಯವಸ್ತ್ರ’ಗಳ ಮಾರ್ಗ ಬೇರೆ. ಮಳೆಗೆ ಹೊದೆಯುವ ನಿಲುವಂಗಿಯೇ ಅಲ್ಯೂಮಿನಿಯಂ ಕೋಲುಗಳ ಆಧಾರದಿಂದ ಒಬ್ಬರ ಗುಡಾರವಾಗುವುದು. ದೀಪ, ಸೀಟಿ, ದಿಕ್ಸೂಚಿಗಳೂ ಜೊತೆಗುಂಟು. ಕೊಲ್ಲಿಯ ಯುದ್ಧವೂ ಆರ್ಥಿಕ ಕುಸಿತವೂ ನೆಲೆತಪ್ಪಿಸಿದ ಜನರೇ ಇದರ ಪ್ರೇರಣೆ. ಬಟ್ಟೆ ಬದಲಿಸಲು, ನಿದ್ರಿಸಲು, ಅಳಲು ಕೂಡ ಮರೆಯಿಲ್ಲದವರ ದುಃಖವನ್ನು ಕಂಡ ಕಣ್ಣು ಇಲ್ಲಿದೆ. ಕ್ಷೇಮೇಂದ್ರನು ಔಚಿತ್ಯವೆಂದು ಕರೆದ ಗುಣವನ್ನು ಹುಡುಕುವವರು ಇಲ್ಲಿ ಹುಡುಕಬೇಕು, ಜೇಡದ ಕಾಲುಗಳಲ್ಲಲ್ಲ.

ದೋಷವಿಲ್ಲವೆಂದಲ್ಲ. ಬೆಳ್ಳಿಯಂತೆ ಹೊಳೆಯುವ ಆ ಬಟ್ಟೆ ದಾರಿಹೋಕರ ಕಣ್ಣಿಗೆ ಬೇಗ ಬೀಳುವುದು. ಅದಕ್ಕೆ ಅಗಳಿಯೂ ಇಲ್ಲ. ಇದಕ್ಕಿಂತ ದೊಡ್ಡ ಅಪಾಯವು ಕಲಾಶಾಲೆಯ ಪ್ರೇಕ್ಷಕನಲ್ಲಿದೆ: ಮನೆಯಿಲ್ಲದವನಿಗೆ ಅಂಗಿಯೇ ಸಾಕೆಂದು ಅವನು ನೆಮ್ಮದಿಯಿಂದ ಮನೆಗೆ ಹಿಂದಿರುಗಬಹುದು.