ಲೆಕ್ಕಕ್ಕುಂಟು, ಆಟಕ್ಕಿಲ್ಲ

2018ರ ಮಾರ್ಚ್ 1, ಗುರುವಾರ. ಲಂಡನ್ನಿನಲ್ಲಿ ಹಿಮ ಬಿದ್ದು ರೈಲು ಸಂಚಾರ ಏರುಪೇರಾಗಿತ್ತು. ಎಮಿರೇಟ್ಸ್ ಕ್ರೀಡಾಂಗಣದಲ್ಲಿ ಆರ್ಸೆನಲ್‌ಗೂ ಮ್ಯಾಂಚೆಸ್ಟರ್ ಸಿಟಿಗೂ ಫುಟ್‌ಬಾಲ್ ಪಂದ್ಯ. ನಮ್ಮಲ್ಲಿ ಆಗ ರಾತ್ರಿ ಒಂದೂಕಾಲು. ನಾಲ್ಕು ದಿನಗಳ ಹಿಂದಷ್ಟೇ ವೆಂಬ್ಲಿಯಲ್ಲಿ ಲೀಗ್ ಕಪ್ ಫೈನಲ್ಲನ್ನು ಇದೇ ಸಿಟಿಗೆ 3-0 ಅಂತರದಲ್ಲಿ ಒಪ್ಪಿಸಿದ್ದ ಆರ್ಸೆನಲ್, ಈ ಸಲವೂ ಮೊದಲ ಅರ್ಧದಲ್ಲೇ ಮೂರು ಗೋಲು ಬಿಟ್ಟುಕೊಟ್ಟಿತು. ಆರ್ಸೆನಲ್‌ನ ಔಬಮೆಯಾಂಗ್ ಹೊಡೆದ ಪೆನಾಲ್ಟಿಯನ್ನು ಸಿಟಿಯ ಗೋಲಿ ಎಡರ್ಸನ್ ತಡೆದಾಗ ಕ್ಯಾಮೆರಾ ಸ್ಟ್ಯಾಂಡಿನ ಕಡೆ ತಿರುಗಿತು. ಮಡಚಿ ನಿಂತ ಕೆಂಪು ಸೀಟುಗಳ ಸಾಲಿನ ಮೇಲೆ ಸಾಲು. ನಡುನಡುವೆ ಕೋಟಿನ ಕಾಲರ್ ಎತ್ತಿಕೊಂಡು ಕೂತ ಒಬ್ಬಿಬ್ಬರು. ಅಂದು ಕ್ಲಬ್ಬು ಘೋಷಿಸಿದ ಪ್ರೇಕ್ಷಕರ ಸಂಖ್ಯೆ 58 ಸಾವಿರಕ್ಕೂ ಮಿಕ್ಕಿತ್ತು. ಕ್ರೀಡಾಂಗಣ ಹಿಡಿಸುವುದು ಸುಮಾರು 60 ಸಾವಿರ.

ಅದೇ ವಾರದ ಸೋಮವಾರ, ಫೆಬ್ರುವರಿ 26ರಂದು, ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಬೊರುಸಿಯಾ ಮತ್ತು ಔಗ್ಸ್‌ಬರ್ಗ್ ತಂಡಗಳು 1-1ರಲ್ಲಿ ಸಮ ಮಾಡಿಕೊಂಡಿದ್ದವು. 81 ಸಾವಿರ ಜನ ಹಿಡಿಸುವ, ಸಾಮಾನ್ಯವಾಗಿ ತುಂಬಿಯೇ ಇರುವ ಕ್ರೀಡಾಂಗಣ ಅದು. ಒಂದೇ ಇಳಿಜಾರಿನಲ್ಲಿ ಸುಮಾರು 25 ಸಾವಿರ ಜನ ನಿಂತು ನೋಡುವ ಅದರ ದಕ್ಷಿಣ ಗ್ಯಾಲರಿ ಯುರೋಪಿನಲ್ಲೆಲ್ಲ ಹೆಸರುವಾಸಿ. ಸೋಮವಾರ ರಾತ್ರಿ ಪಂದ್ಯ ಇಟ್ಟದ್ದನ್ನು ವಿರೋಧಿಸಿ ಅಭಿಮಾನಿ ಸಂಘಗಳು ಬಹಿಷ್ಕಾರಕ್ಕೆ ಕರೆಕೊಟ್ಟಿದ್ದವು. ಆ ಗ್ಯಾಲರಿಯ ನಡುವೆ ಬರಿಯ ಕಾಂಕ್ರೀಟು ಕಾಣುತ್ತಿತ್ತು. ಕ್ಲಬ್ಬು ಘೋಷಿಸಿದ ಸಂಖ್ಯೆ 54,300. ಆ ವರ್ಷ ಅಲ್ಲಿ ಮಾರಾಟವಾಗಿದ್ದ ಸೀಸನ್ ಟಿಕೆಟ್ಟುಗಳೇ, ಅಂದರೆ ಇಡೀ ಋತುವಿಗೆ ಜಾಗ ಕಾಯ್ದಿರಿಸುವ ಟಿಕೆಟ್ಟುಗಳೇ, ಸುಮಾರು 55 ಸಾವಿರ. ಅಂದರೆ ಡಾರ್ಟ್‌ಮುಂಡ್ ಹೇಳಿದ್ದು ಮಾರಿದ ಟಿಕೆಟ್ಟಿನ ಲೆಕ್ಕವನ್ನಲ್ಲ, ಒಳಗೆ ಬಂದವರ ಲೆಕ್ಕವನ್ನು.

ಸೀಸನ್ ಟಿಕೆಟ್ಟಿನ ಸಮಸ್ಯೆ ಏನು ಎಂಬುದು ನನಗೆ ಈ ಎರಡು ರಾತ್ರಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಖಾಲಿ ಸೀಟು ಎರಡೂ ಕಡೆ ಇತ್ತು. ಒಂದು ಕ್ಲಬ್ಬು ಅದನ್ನು ಒಪ್ಪಿಕೊಂಡಿತು, ಇನ್ನೊಂದು ಅದರ ಮೇಲೆ ಅಂಕಿಯ ಹೊದಿಕೆ ಎಳೆಯಿತು. ಆರ್ಸೆನಲ್ ನಿಯಮ ಮುರಿಯಿತು ಎಂದು ನಾನು ಹೇಳುತ್ತಿಲ್ಲ. ಮಾರಿದ ಟಿಕೆಟ್ಟನ್ನೇ ಪ್ರೇಕ್ಷಕರ ಸಂಖ್ಯೆ ಎಂದು ಪ್ರಕಟಿಸುವುದು ಇಂಗ್ಲೆಂಡಿನಲ್ಲಿ ನಡೆದುಬಂದ ರೂಢಿ. ನನ್ನ ತಕರಾರು ಆ ರೂಢಿಯ ಮೇಲೆಯೇ. ಅದು ಹಣದ ಲೆಕ್ಕವನ್ನು ಜನರ ಲೆಕ್ಕ ಎಂದು ನಂಬಿಸುತ್ತದೆ. ಅದೇ 2018ರಲ್ಲಿ ಬಿಬಿಸಿ, ಪೊಲೀಸರು ಮತ್ತು ಸ್ಥಳೀಯ ಆಡಳಿತಗಳ ಬಳಿಯಿದ್ದ ನಿಜವಾದ ಅಂಕಿಗಳನ್ನು ಮಾಹಿತಿ ಹಕ್ಕಿನಡಿ ತರಿಸಿಕೊಂಡು ಹೋಲಿಸಿ ನೋಡಿತು. ವೆಸ್ಟ್ ಹ್ಯಾಮ್ ಕ್ಲಬ್ಬಿನಲ್ಲಿ ಘೋಷಿಸಿದ ಸಂಖ್ಯೆಗೂ ಬಂದವರ ಸಂಖ್ಯೆಗೂ ಪಂದ್ಯವೊಂದಕ್ಕೆ ಸರಾಸರಿ 12 ಸಾವಿರದಷ್ಟು ವ್ಯತ್ಯಾಸವಿತ್ತು.

ಇದು ಮೊದಲಿನಿಂದಲೂ ಹೀಗಿರಲಿಲ್ಲ. ಇಂಗ್ಲೆಂಡಿನ ಬಹುಪಾಲು ಪ್ರೇಕ್ಷಕರು ಬಹುಕಾಲ ನಿಂತೇ ಆಟ ನೋಡಿದರು. ಪಂದ್ಯದ ದಿನ ಗೇಟಿನಲ್ಲಿ ಕಾಸು ಕೊಟ್ಟು ಒಳಹೋಗುವುದು, ಸಿಕ್ಕಿದಲ್ಲಿ ನಿಲ್ಲುವುದು. ಒಬ್ಬ ಬಾರದಿದ್ದರೆ ಪಕ್ಕದವನು ಸರಿದು ಆ ಜಾಗ ತುಂಬುತ್ತಿದ್ದ. 1989ರಲ್ಲಿ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿಗೆ ಸಿಕ್ಕಿದ ಲಿವರ್‌ಪೂಲ್ ಅಭಿಮಾನಿಗಳಲ್ಲಿ 97 ಮಂದಿ ಪ್ರಾಣ ಕಳೆದುಕೊಂಡರು. ನ್ಯಾಯಮೂರ್ತಿ ಟೇಲರ್ ಅವರ 1990ರ ವರದಿಯ ನಂತರ ಮೇಲಿನ ಎರಡು ದರ್ಜೆಗಳ ಕ್ರೀಡಾಂಗಣಗಳೆಲ್ಲ ಪೂರ್ತಿ ಆಸನಮಯವಾದವು. ಅಷ್ಟು ಜನ ಸತ್ತ ಮೇಲೆ ಆ ಬದಲಾವಣೆಯನ್ನು ಯಾರೂ ತಪ್ಪೆನ್ನಲಾರರು. ಆದರೆ ಆಸನ ಹಾಕಿದ ನೆಪದಲ್ಲಿ ದರ ಏರಿಸಬೇಕಿಲ್ಲ ಎಂದೂ ಟೇಲರ್ ಬರೆದಿದ್ದರು. ಗ್ಲಾಸ್ಗೋದ ಐಬ್ರಾಕ್ಸ್‌ನಲ್ಲಿ ಆರು ಪೌಂಡಿಗೆ ಕೂತು ನೋಡಬಹುದು ಎಂದು ಉದಾಹರಣೆ ಕೊಟ್ಟಿದ್ದರು. ಕ್ಲಬ್ಬುಗಳು ವರದಿಯ ಮೊದಲ ಮಾತನ್ನು ಪಾಲಿಸಿದವು, ಎರಡನೆಯದನ್ನು ಕೈಬಿಟ್ಟವು. 2018ರ ಹೊತ್ತಿಗೆ ಆರ್ಸೆನಲ್‌ನ ಅತಿ ಅಗ್ಗದ ಸೀಸನ್ ಟಿಕೆಟ್ಟು 891 ಪೌಂಡ್. ಅದರಲ್ಲಿ ಲೀಗಿನ 19 ಪಂದ್ಯಗಳ ಜೊತೆ ಕಪ್ ಪಂದ್ಯಗಳು ಏಳು. ಹಣವನ್ನು ಪಂದ್ಯ ಪಂದ್ಯಕ್ಕೆ ಕಟ್ಟುವಂತಿರಲಿಲ್ಲ, ಇಡೀ ಋತುವಿಗೆ ಕಟ್ಟಬೇಕಿತ್ತು.

ಅಷ್ಟು ಹಣ ಕಟ್ಟಿದವನು ಯಾಕೆ ಬರುವುದಿಲ್ಲ? ಸೋಮಾರಿತನ ಎಂದು ಬೈಯುವುದು ಸುಲಭ. ಶನಿವಾರ ಮಧ್ಯಾಹ್ನ ಎಂದುಕೊಂಡಿದ್ದ ಪಂದ್ಯವನ್ನು ಟಿವಿ ಕಂಪನಿಗಾಗಿ ಸೋಮವಾರ ರಾತ್ರಿಗೋ ಭಾನುವಾರ ಸಂಜೆಗೋ ದೂಡಿದರೆ, ನೂರು ಮೈಲಿ ದೂರದಿಂದ ಬರುವವನು ಕೊನೆಯ ರೈಲು ತಪ್ಪಿಸಿಕೊಂಡು ಏನು ಮಾಡಬೇಕು? ಸೀಟನ್ನು ಬೇರೆಯವರಿಗೆ ಕೊಡೋಣವೆಂದರೆ ಕಾನೂನು ಅಡ್ಡ ಬರುತ್ತದೆ. ಎದುರಾಳಿ ಅಭಿಮಾನಿಗಳು ಒಂದೇ ಸ್ಟ್ಯಾಂಡಿನಲ್ಲಿ ಬೆರೆತು ಹೊಡೆದಾಡಬಾರದೆಂದು 1994ರ ಕಾಯ್ದೆಯೊಂದು, ಕ್ಲಬ್ಬಿನ ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದನ್ನು ಅಪರಾಧವೆಂದೇ ಮಾಡಿದೆ. ಕ್ಲಬ್ಬಿನದೇ ಮರುಮಾರಾಟ ವ್ಯವಸ್ಥೆ ಇದ್ದರೂ ಅದಕ್ಕೆ ಹತ್ತೆಂಟು ಷರತ್ತು. ಬೇಸತ್ತು ಟಿಕೆಟ್ಟನ್ನೇ ಬಿಟ್ಟುಬಿಡೋಣವೆಂದರೆ, ದೊಡ್ಡ ಕ್ಲಬ್ಬುಗಳಲ್ಲಿ ಹಿಂದೆ ವರ್ಷಗಟ್ಟಲೆ ಉದ್ದದ ವೇಟಿಂಗ್ ಲಿಸ್ಟ್. ಒಮ್ಮೆ ಕೈಬಿಟ್ಟರೆ ಈ ಜನ್ಮಕ್ಕೆ ಮತ್ತೆ ಸಿಗಲಿಕ್ಕಿಲ್ಲ. ಅದಕ್ಕೇ ಆತ ಬರಲಾಗದ ವರ್ಷವೂ ಹಣ ಕಟ್ಟಿ ಹಿಡಿದುಕೊಂಡಿರುತ್ತಾನೆ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಆದರೆ ಬಸ್ಸು ಹೊರಟರೂ ಟವೆಲ್ಲಿನ ಯಜಮಾನ ಹತ್ತದಿದ್ದರೆ ನಿಂತಿದ್ದವರು ಅದನ್ನು ಪಕ್ಕಕ್ಕೆ ಸರಿಸಿ ಕೂರುತ್ತಾರೆ. ಇಲ್ಲಿ ಅದಕ್ಕೂ ದಾರಿಯಿಲ್ಲ. ಹೊರಗೆ ಟಿಕೆಟ್ಟಿಲ್ಲದ ಹುಡುಗರು, ಒಳಗೆ ಮಡಚಿಟ್ಟ ಸೀಟು. ಈ ಕ್ರೀಡೆಯಲ್ಲಿ ನನಗೆ ಅತ್ಯಂತ ನೋವು ಕೊಡುವ ಅನ್ಯಾಯ ಇದು. ಹದಿನಾರರ ಹುಡುಗನೊಬ್ಬ ಸರದಿ ಬರುವ ಹೊತ್ತಿಗೆ ನಡುವಯಸ್ಸಿಗೆ ಬಂದಿರುತ್ತಾನೆ.

ಪರಿಹಾರಗಳಿಲ್ಲ ಎಂದಲ್ಲ. ಬಯರ್ನ್ ಮ್ಯೂನಿಕ್‌ನಂಥ ಕ್ಲಬ್ಬುಗಳು ನಿಗದಿಯಾದಷ್ಟು ಪಂದ್ಯಗಳಿಗೆ ಬರದ, ಸೀಟನ್ನು ಬೇರೆಯವರಿಗೂ ದಾಟಿಸದ ಸದಸ್ಯರ ಸೀಸನ್ ಟಿಕೆಟ್ ಹಿಂಪಡೆಯುವುದಾಗಿ ಎಚ್ಚರಿಸಿವೆ. ಇಂಗ್ಲೆಂಡಿನ ಕ್ಲಬ್ಬುಗಳೂ ಈಗ ಆ ದಾರಿ ಹಿಡಿದಿವೆ. ನಿಯಮ ಸರಿಯೇ, ಆದರೆ ಅರ್ಧ ಮಾತ್ರ ಸರಿ. ವೇಳಾಪಟ್ಟಿಯನ್ನು ಮನಬಂದಂತೆ ಬದಲಿಸುವವರು, ಬರಲಾಗದವನನ್ನು ಶಿಕ್ಷಿಸುವ ಅಧಿಕಾರವನ್ನೂ ತಾವೇ ಇಟ್ಟುಕೊಳ್ಳುತ್ತಾರೆ. ಸ್ಪೇನಿನ ಲಾ ಲಿಗಾ ಮಾಡಿದ್ದು ಇನ್ನೂ ಕೆಟ್ಟದ್ದು: ಕ್ಯಾಮೆರಾದ ಎದುರಿನ ಸ್ಟ್ಯಾಂಡು ಮುಕ್ಕಾಲು ಪಾಲಾದರೂ ತುಂಬಿರದಿದ್ದರೆ ಕ್ಲಬ್ಬಿಗೆ ದಂಡ. ಅಲ್ಲಿ ಪ್ರೇಕ್ಷಕನಿಗಿರುವ ಬೆಲೆ ನಾಟಕದ ಹಿಂದಿನ ಪರದೆಗಿರುವಷ್ಟೇ.

ಬಾರ್ಸಿಲೋನಾದ ಪಾಠವನ್ನು ನಿಧಾನವಾಗಿ ನೋಡಬೇಕು. ಅಲ್ಲಿ ಬಹಳ ಕಾಲದಿಂದ ಒಂದು ಒಳ್ಳೆಯ ಏರ್ಪಾಡಿತ್ತು. ಬರಲಾಗದ ಸದಸ್ಯ ತನ್ನ ಸೀಟನ್ನು ಕ್ಲಬ್ಬಿಗೆ ಬಿಟ್ಟುಕೊಡುತ್ತಾನೆ, ಕ್ಲಬ್ಬು ಮಾರುತ್ತದೆ, ಹಣದಲ್ಲಿ ಒಂದು ಪಾಲು ಸದಸ್ಯನಿಗೆ ಹಿಂದಿರುಗುತ್ತದೆ. ಓದಲು ಚೆನ್ನಾಗಿದೆ. 2022ರ ಏಪ್ರಿಲ್ 14ರಂದು ಯುರೋಪಾ ಲೀಗಿನ ಕ್ವಾರ್ಟರ್ ಫೈನಲ್‌ಗೆ ಜರ್ಮನಿಯ ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟ್ ಬಂದಾಗ ಅದು ಪರೀಕ್ಷೆಗೆ ಬಿತ್ತು. ಎದುರಾಳಿ ಅಭಿಮಾನಿಗಳಿಗೆಂದು ಕೊಟ್ಟದ್ದು ಸುಮಾರು 5 ಸಾವಿರ ಟಿಕೆಟ್. ಬಂದ ಜರ್ಮನ್ನರು 30 ಸಾವಿರದ ಆಸುಪಾಸು. ಕ್ಯಾಂಪ್ ನೌ ಎಂಬ ಆ ಮಹಾ ಕ್ರೀಡಾಂಗಣದ ಸ್ಟ್ಯಾಂಡುಗಳು ಬಿಳಿ ಅಂಗಿಗಳಿಂದ ತುಂಬಿದವು. ಬಾರ್ಸಿಲೋನಾ ಆಟಗಾರರು ತಮ್ಮ ಮನೆಯಂಗಳದಲ್ಲೇ ಪರದೇಶಿಗಳಂತೆ ಆಡಿ 3-2ರಲ್ಲಿ ಸೋತರು. ಕ್ಲಬ್ಬಿನ ಕಟ್ಟಾ ಬೆಂಬಲಿಗರ ಗುಂಪು ಪ್ರತಿಭಟಿಸಿ ಎರಡನೇ ಅರ್ಧದ ಆರಂಭದಲ್ಲಿ ತನ್ನ ಜಾಗ ಖಾಲಿ ಬಿಟ್ಟಿತು. ಅಧ್ಯಕ್ಷ ಜೋನ್ ಲಪೋರ್ತಾ ತಮಗೆ ನಾಚಿಕೆಯಾಗಿದೆ ಎಂದು ಬಹಿರಂಗವಾಗಿಯೇ ಹೇಳಿದರು. ಬಿಟ್ಟುಕೊಟ್ಟ ಸೀಟು ಯಾರಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಸಂತೆಗೆ ಬಿಟ್ಟರೆ, ಹೆಚ್ಚು ಕೊಟ್ಟವರು ಕೂರುತ್ತಾರೆ. ಫ್ರಾಂಕ್‌ಫರ್ಟ್‌ನವರದ್ದು ತಪ್ಪಿಲ್ಲ. ಅವರು ಪ್ರೀತಿಯಿಂದ ಬಂದರು, ಹಾಡಿದರು, ಮುಂದಿನ ತಿಂಗಳು ಕಪ್ಪನ್ನೂ ಗೆದ್ದರು. ಸೀಟು ವೇಟಿಂಗ್ ಲಿಸ್ಟಿನ ಮುಂದಿನ ಸದಸ್ಯನಿಗೆ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ, ಮೂಲ ಬೆಲೆಗೇ ಹೋಗುವಂತೆ ಕಟ್ಟಿದ್ದರೆ ಅಂದು ಆ ಅಂಗಳದ ಬಣ್ಣವೇ ಬೇರೆ ಇರುತ್ತಿತ್ತು.

ಖಾಲಿ ಸೀಟೆಲ್ಲ ಕೆಟ್ಟದ್ದೂ ಅಲ್ಲ. 2016ರ ಫೆಬ್ರುವರಿ 6ರಂದು ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ತಂಡ ಸಂಡರ್‌ಲ್ಯಾಂಡ್ ವಿರುದ್ಧ 2-0 ಮುಂದಿದ್ದಾಗ, 77ನೇ ನಿಮಿಷಕ್ಕೆ ಸರಿಯಾಗಿ ಸುಮಾರು ಹತ್ತು ಸಾವಿರ ಜನ ಎದ್ದು ಹೊರನಡೆದರು. ಮುಂದಿನ ಋತುವಿಗೆ 77 ಪೌಂಡಿನ ಟಿಕೆಟ್ ಘೋಷಿಸಿದ್ದಕ್ಕೆ ಅದು ಉತ್ತರ. ಅವರು ಹೋದ ಮೇಲೆ ಪಂದ್ಯ 2-2 ಆಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ದರ ಏರಿಕೆಯನ್ನು ಹಿಂತೆಗೆದುಕೊಂಡರು. ಡಾರ್ಟ್‌ಮುಂಡ್‌ನ ಬಹಿಷ್ಕಾರವೂ ಫಲಿಸಿತು. 2021-22ರಿಂದ ಜರ್ಮನಿಯ ಲೀಗ್ ಬುಂಡೆಸ್‌ಲಿಗಾದ ವೇಳಾಪಟ್ಟಿಯಲ್ಲಿ ಸೋಮವಾರವಿಲ್ಲ. ಲಂಡನ್ನಿನ ಆ ಕೆಂಪು ಸೀಟುಗಳೂ ಪೂರ್ತಿ ಮೂಕವಾಗಿರಲಿಲ್ಲ. 2018ರ ಏಪ್ರಿಲ್ 20ರಂದು ಆರ್ಸೆನಲ್‌ನ ಕೋಚ್ ಆರ್ಸೆನ್ ವೆಂಗರ್ 22 ವರ್ಷಗಳ ನಂತರ ತಾವು ಹೊರಡುವುದಾಗಿ ಪ್ರಕಟಿಸಿದಾಗ, ಎಮಿರೇಟ್ಸ್‌ನ ಖಾಲಿ ಸಾಲುಗಳ ಮಾತು ಬರದ ವರದಿಯೇ ಅಪರೂಪವಾಗಿತ್ತು. ಅಂಕಿ ಮುಚ್ಚಿಟ್ಟದ್ದನ್ನು ಕ್ಯಾಮೆರಾ ತೋರಿಸಿತ್ತು.

ಅದೇ ವರ್ಷ ಜೂನ್ 1ರಂದು ಮುಂಬೈಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿತು. ಬೆಂಗಳೂರು ಎಫ್‌ಸಿಯ ನಾಯಕ ಸುನಿಲ್ ಚೆಟ್ರಿ ಹ್ಯಾಟ್ರಿಕ್ ಹೊಡೆದರು. ನೋಡಲು ಬಂದಿದ್ದವರು 2,569 ಮಂದಿ, ಹಾಗೆಂದೇ ಪ್ರಕಟವಾಯಿತು. ಮರುದಿನ ಚೆಟ್ರಿ ವಿಡಿಯೊದಲ್ಲಿ ಕಾಣಿಸಿಕೊಂಡು, ಬೈಯುವುದಾದರೂ ಬೈಯಿರಿ, ಆದರೆ ಕ್ರೀಡಾಂಗಣಕ್ಕೆ ಬಂದು ಬೈಯಿರಿ ಎಂದು ಕೈಮುಗಿದು ಕೇಳಿದರು. ಜೂನ್ 4ರಂದು ಮಳೆಯ ನಡುವೆ, ಕೀನ್ಯಾ ವಿರುದ್ಧದ ಅವರ ನೂರನೇ ಪಂದ್ಯಕ್ಕೆ ಟಿಕೆಟ್ ಪೂರ್ತಿ ಖರ್ಚಾಗಿ ಕ್ರೀಡಾಂಗಣ ತುಂಬಿತು. ಆ 2,569ರ ಜಾಗದಲ್ಲಿ ಯಾರಾದರೂ ದೊಡ್ಡ ಅಂಕಿ ಬರೆದಿದ್ದರೆ ಆ ಮನವಿಗೆ ಆಧಾರವೇ ಇರುತ್ತಿರಲಿಲ್ಲ.

ಹಾಗಾಗಿ ಮೊದಲು ಆಗಬೇಕಾದದ್ದು ಹೊಸ ದಂಡವಲ್ಲ, ಹೊಸ ಆ್ಯಪ್ ಅಲ್ಲ. ಪ್ರತಿ ಪಂದ್ಯದಲ್ಲೂ ಎರಡು ಅಂಕಿ ಹೇಳಲಿ: ಮಾರಿದ್ದೆಷ್ಟು, ಬಂದವರೆಷ್ಟು. ಇದಕ್ಕೆ ಖರ್ಚೇನೂ ಇಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಗೇಟಿನಲ್ಲಿ ಪ್ರತಿ ಟಿಕೆಟ್ಟನ್ನೂ ಯಂತ್ರ ಓದುತ್ತದೆ. ಬೆಂಕಿ ಬಿದ್ದರೆ, ಜನರನ್ನು ಹೊರಗೆ ಕಳಿಸಬೇಕಾದರೆ ಒಳಗೆ ಎಷ್ಟು ಜನರಿದ್ದಾರೆಂದು ಸುರಕ್ಷತಾ ಅಧಿಕಾರಿಗೆ ಗೊತ್ತಿರಲೇಬೇಕು. ಬಿಬಿಸಿ ತರಿಸಿಕೊಂಡದ್ದೂ ಆ ಬಗೆಯ ಲೆಕ್ಕವನ್ನೇ. ಆಟದ ಹೊತ್ತಿನಲ್ಲಿ ಆ ಸಂಖ್ಯೆ ಕಂಟ್ರೋಲ್ ರೂಮಿನಲ್ಲಿ ಇದ್ದೇ ಇರುತ್ತದೆ. ಅದನ್ನು ಮೈದಾನದ ದೊಡ್ಡ ಪರದೆಗೆ ಹಾಕಬೇಕು, ಅಷ್ಟೆ.